ಬರೀ ನೀರು ಹೊಳೆದ ದಿನ

ಉಳಿದೆಲ್ಲ ಸಿದ್ಧವಾದ ಮೇಲೆಯೇ ಶರಣವ್ವ ಕಬ್ಬಿಣದ ಉಪ್ಪನ್ನು ನೀರಿಗೆ ಹಾಕುತ್ತಿದ್ದರು. ನಸುಹಸಿರು ಬಣ್ಣದ ಸಣ್ಣ ಹರಳುಗಳು ಅವು. ನೀರಿನಲ್ಲಿ ಕರಗಿದ ಕೂಡಲೇ ಅವಕ್ಕೆ ಗಾಳಿಯ ಕಾಟ ಸುರುವಾಗುತ್ತದೆ. ಸ್ವಲ್ಪ ಹೊತ್ತು ಹಾಗೇ ಬಿಟ್ಟರೆ ನೀರು ಹಳದಿಗೆ ತಿರುಗಿ ಮೆಲ್ಲಗೆ ತುಕ್ಕಿನ ಬಣ್ಣ ಹಿಡಿಯುತ್ತದೆ. ಹಾಗಾದ ಕಬ್ಬಿಣ ಅವರ ಕೆಲಸಕ್ಕೆ ಬರುವುದಿಲ್ಲ.

“ಜ್ವಾಳದ ಹಿಟ್ಟ ನಾದಿಟ್ಟು ಯಾರರ ಪ್ಯಾಟಿಗೆ ಹೋಕ್ಕಾರೇನವಾ?” ಎಂದು ಅವರು ವಿದ್ಯಾರ್ಥಿನಿಯರನ್ನು ಕೇಳುತ್ತಿದ್ದರು. “ಆಗಿಂದಾಗ ನಾದಬೇಕು, ಆಗಿಂದಾಗ ಬಡೀಬೇಕು, ಹಂಚಿಗೆ ಹಾಕಬೇಕು. ಕಬ್ಬಿಣಾನೂ ಹಂಗ.”

ಕೇಶ್ವಾಪುರದ ಒಂದು ಕಾಲೇಜಿನಲ್ಲಿ ಅವರು ಜೀವರಸಾಯನಶಾಸ್ತ್ರ ಕಲಿಸುತ್ತಾರೆ. ಹುಬ್ಬಳ್ಳಿಯ ಅರಳೆ ವ್ಯಾಪಾರಿಯ ಮಗಳು. ಅಜ್ಜಿಯ ಹೆಸರನ್ನೇ ಇಟ್ಟಿದ್ದರಿಂದ, ಹಾಜರಿ ಕರೆಯುವಾಗ ಗೆಳತಿಯರು ನಗುತ್ತಿದ್ದ ಕಾಲವೊಂದಿತ್ತು. ಎಂಎಸ್‌ಸಿ ಮುಗಿದ ವರ್ಷವೇ ಮದುವೆ, ಆಮೇಲೆ ಮಕ್ಕಳು, ಆಮೇಲೆ ಕೆಲಸ. ಮಕ್ಕಳು ತಮ್ಮ ಬಟ್ಟೆ ತಾವೇ ಮಡಚಿಡುವಷ್ಟು ದೊಡ್ಡವರಾದ ಮೇಲೆ ಅವರು ಧಾರವಾಡಕ್ಕೆ ಹೋಗಿ ಪಿಎಚ್‌ಡಿಗೆ ಹೆಸರು ಹಚ್ಚಿ ಬಂದರು. ಗೋಪನಕೊಪ್ಪದ ಓಣಿಯಲ್ಲಿ ಇದು ಸುದ್ದಿಯಾಯಿತು. “ಈ ವಯಸ್ಸಿನ್ಯಾಗ ಡಾಕ್ಟರ್ ಆಗಿ ಯಾರಿಗೆ ಸೂಜಿ ಚುಚ್ಚಾವ್ರದೀರಿ?” ಎಂದು ಪಕ್ಕದ ಮನೆಯವರು ಕೇಳಿದಾಗ ಶರಣವ್ವ, “ಮೊದಲ ನಿಮಗ ಚುಚ್ಚತೇನ್ರಿ, ಬರ್ರಿ” ಎಂದು ಒಳಗೆ ಕರೆದು ಚಹಾ ಕೊಟ್ಟಿದ್ದರು.

ಅವರು ಹಿಡಿದ ವಿಷಯ ಒಂದು ಕಿಣ್ವ. ಊರಾಚೆಯ ಎರೆಮಣ್ಣಿನ ಬ್ಯಾಕ್ಟೀರಿಯಾ ಒಂದರಿಂದ ಪಡೆದದ್ದು. ಅದರ ಕೆಲಸವನ್ನು ತಿಳಿಸುವಾಗ ಅವರ ಮಾತು ಅಪ್ಪನ ಅಂಗಡಿಗೆ ಹೋಗುತ್ತಿತ್ತು. ಅಪ್ಪ ಅರಳೆಯ ಒಂದು ಚಿಟಿಕೆ ಹಿಡಿದು, ಎಳೆ ಹರಿಯದಂತೆ, ಅದಕ್ಕೆ ಅಂಟಿದ ಎಲೆಯ ಚೂರನ್ನಷ್ಟೇ ಉಗುರಿನಿಂದ ಕಿತ್ತು ಗಿರಾಕಿಗೆ ತೋರಿಸುತ್ತಿದ್ದ. ಜೀವಕೋಶದಲ್ಲಿರುವ ಡಿಎನ್‌ಎಯೂ ಒಂದು ಎಳೆ. ಹೊಗೆಯೋ ರಾಸಾಯನಿಕವೋ ತಾಗಿ ಅದಕ್ಕೂ ಸಣ್ಣ ಕಸ ಅಂಟುತ್ತದೆ. ಒಂದು ಇಂಗಾಲ, ಮೂರು ಜಲಜನಕ, ಅಷ್ಟೇ. ಮೀಥೈಲ್ ಎಂದು ಅದರ ಹೆಸರು. ಅಷ್ಟು ಅಂಟಿದರೆ ಸಾಕು, ಕೋಶ ಆ ಜಾಗದಲ್ಲಿ ಎಡವುತ್ತದೆ. ಶರಣವ್ವನವರ ಕಿಣ್ವ ಎಳೆಯನ್ನು ಕತ್ತರಿಸದೆ ಕಸವನ್ನಷ್ಟೇ ಕೀಳುತ್ತದೆ. ಅದರ ಉಗುರು ಎಂದರೆ ನಡುವೆ ಕೂತ ಒಂದೇ ಒಂದು ಕಬ್ಬಿಣದ ಕಣ. ಅದು ತುಕ್ಕಾಗದಂತೆ ಕಾಯಲು ಚೂರು ವಿಟಮಿನ್ ಸಿ ಬೆರೆಸಬೇಕು.

ಕಿತ್ತ ಕಸ ಸುಮ್ಮನೆ ಮಾಯವಾಗುವುದಿಲ್ಲ, ಫಾರ್ಮಾಲ್ಡಿಹೈಡ್ ಆಗಿ ನೀರಿಗೆ ಬೀಳುತ್ತದೆ. ಅದಕ್ಕೆ ಎರಡು ದ್ರವ ಬೆರೆಸಿ ಕಣ್ಣಿಗೆ ಕಾಣದ ಬೆಳಕು ಹಾಯಿಸಿದರೆ ನೀಲಿಯಾಗಿ ಹೊಳೆಯುತ್ತದೆ. ಹೊಳಪು ಹೆಚ್ಚಿದಷ್ಟೂ ರಿಪೇರಿ ಹೆಚ್ಚು ನಡೆದಿದೆ ಎಂದು ಅರ್ಥ. ಮೊದಲ ಸಲ ಆ ನೀಲಿಯನ್ನು ಕಂಡಾಗ ಕೋಣೆಯ ದೀಪ ಹಚ್ಚಲು ಶರಣವ್ವನವರಿಗೆ ಮನಸ್ಸಾಗಲಿಲ್ಲ.

ಅವರಿಗೆ ಕಾಲೇಜು ಕೊಟ್ಟ ಪ್ರಯೋಗಾಲಯ ಎಂದರೆ ಪ್ರಾಣಿಶಾಸ್ತ್ರದ ವಸ್ತುಸಂಗ್ರಹಾಲಯವನ್ನು ಪ್ಲೈವುಡ್‌ನಿಂದ ಅಡ್ಡ ಕಟ್ಟಿ ಮಾಡಿದ ಅರ್ಧ ಕೋಣೆ. ಆಚೆ ಗಾಜಿನ ಬರಣಿಗಳಲ್ಲಿ ಕಪ್ಪೆ, ಹಾವು, ಎರಡು ತಲೆಯ ಕುರಿಮರಿ. ಅವಕ್ಕೆಲ್ಲ ಒಡೆಯರಾಗಿ ಪ್ರಾಣಿಶಾಸ್ತ್ರದ ಅಂಬರೀಷ. ಪ್ಲೈವುಡ್ ಛಾವಣಿಯವರೆಗೆ ಮುಟ್ಟಿರಲಿಲ್ಲ, ಹಾಗಾಗಿ ಇಬ್ಬರೂ ಮುಖ ನೋಡದೆ ಹರಟೆ ಹೊಡೆಯುತ್ತಿದ್ದರು.

“ಅಕ್ಕಾರ, ನಿಮ್ಮ ಕಿಣ್ವ ಎದ್ದೈತೋ ಮಲಗೇತೋ?” ಎಂದು ಆಚೆಯಿಂದ ಕೂಗು.

“ಎದ್ದೈತ್ರಿ ಸರ. ನಿಮ್ಮ ಕಪ್ಪಿ?”

“ಅವು ಭಾಳ ಶಾಣ್ಯಾ ಅದಾವು. ಮೂವತ್ತ ವರ್ಷಾತು, ಒಂದರ ಪ್ರಶ್ನೆ ಕೇಳಿಲ್ಲ ನೋಡ್ರಿ.”

ದೊಡ್ಡ ಯಂತ್ರಗಳು ಬೇಕಾದ ಕೆಲಸಕ್ಕೆ ಶನಿವಾರಗಳಂದು ಧಾರವಾಡಕ್ಕೆ ಹೋಗಬೇಕಿತ್ತು. ಅಲ್ಲಿ ಬ್ಯಾಕ್ಟೀರಿಯಾ ಒಡೆದು, ಕಿಣ್ವವನ್ನು ಸೋಸಿ ತೆಗೆದು, ಐಸಿನ ಥರ್ಮಾಸಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ತರುತ್ತಿದ್ದರು. ಥರ್ಮಾಸನ್ನು ತೊಡೆಯಿಂದ ಕೆಳಗಿಳಿಸುತ್ತಿರಲಿಲ್ಲ. ಒಮ್ಮೆ ರಾಯಾಪುರದಲ್ಲಿ ಹತ್ತಿದ ಮುದುಕಿಯೊಬ್ಬಳು, “ಯಾರ ಮನ್ಯಾಗ ಬಾಣಂತನವಾ ತಂಗಿ, ಹಿಂಗ ಜ್ವಾಕಿಲೆ ಒಯ್ಯಾಕತ್ತಿ?” ಎಂದು ಕೇಳಿದಳು. “ನಮ್ಮ ಮನ್ಯಾಗs ಅಂತ ತಿಳೀರಿ” ಎಂದರು ಶರಣವ್ವ.

ಡಿಎನ್‌ಎ ಮೇಲಿನ ಕೆಲಸ ಬೇಸಿಗೆ ರಜೆಯಲ್ಲಿ ನಡೆಯಿತು. ಕಿಟಕಿ ತೆರೆದು, ಫ್ಯಾನು ಹಚ್ಚಿ, ಖಾಲಿ ಕಾಲೇಜಿನಲ್ಲಿ. ನೀಲಿ ಹೊಳಪು ಚೊಕ್ಕವಾಗಿ ಬಂತು. ಅಷ್ಟಕ್ಕೇ ಅವರು ನಂಬಲಿಲ್ಲ. ಕಸ ಅಂಟಿದ ಜಾಗವನ್ನು ಕತ್ತರಿಸಲಾರದ, ಕಸ ಹೋದರೆ ಮಾತ್ರ ಕತ್ತರಿಸುವ ಇನ್ನೊಂದು ಕಿಣ್ವವಿದೆ. ಅದರಿಂದಲೂ ಪರೀಕ್ಷಿಸಿದರು. ಎಳೆ ತುಂಡಾಯಿತು. ಅಂದರೆ ರಿಪೇರಿ ಖರೆ.

ಇನ್ನುಳಿದದ್ದು ಆರ್‌ಎನ್‌ಎ. ಡಿಎನ್‌ಎಯ ಮಾತನ್ನು ಕೋಶದಲ್ಲಿ ಹೊತ್ತು ತಿರುಗುವ ಎಳೆ ಅದು. ಅದಕ್ಕಂಟಿದ ಕಸವನ್ನೂ ಈ ಕಿಣ್ವ ಕೀಳುತ್ತದೆಯೇ? ಕೀಳುತ್ತದೆ ಎಂದಾದರೆ ಪ್ರಬಂಧಕ್ಕೆ ಒಂದು ಹೊಸ ಅಧ್ಯಾಯ. ಅದಿಲ್ಲದೆ ವಿಶ್ವವಿದ್ಯಾಲಯದ ಸಮಿತಿ ಒಪ್ಪುವುದು ಕಷ್ಟ ಎಂದು ಧಾರವಾಡದ ಮಾರ್ಗದರ್ಶಕರಾದ ಪ್ರೊಫೆಸರ್ ಹುಚ್ಚಪ್ಪ ಮೊದಲೇ ಹೇಳಿದ್ದರು. ಶರಣವ್ವನವರ ನೋಂದಣಿಯ ಅವಧಿ ಒಮ್ಮೆ ವಿಸ್ತರಣೆಯಾಗಿ, ಅದೂ ಮುಗಿಯುತ್ತ ಬಂದಿತ್ತು. ಈ ಸಲ ಸಮಿತಿ ಒಲ್ಲೆ ಎಂದರೆ ಇಷ್ಟು ವರ್ಷದ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು.

ಆರ್‌ಎನ್‌ಎ ಬಲು ನಾಜೂಕು. ಬೆರಳಿನ ಬೆವರು, ಗಾಳಿಯ ಧೂಳು ತಾಗಿದರೂ ಕೊಳೆತು ಹೋಗುತ್ತದೆ. ಶರಣವ್ವ ಕಿಟಕಿಗಳನ್ನೆಲ್ಲ ಮುಚ್ಚಿಸಿದರು. ಫ್ಯಾನಿನ ಗುಂಡಿಯ ಮೇಲೆ ಟೇಪು ಅಂಟಿಸಿದರು. ಕೈಗವಸು, ಬಾಯಿಗೆ ಬಟ್ಟೆ. ಎಂಎಸ್‌ಸಿಯ ಅಬೀದಾ ಸಹಾಯಕ್ಕೆ ನಿಂತಳು. ಚುರುಕು ಕೈಯ ಹುಡುಗಿ, ಅಷ್ಟೇ ಚುರುಕು ಬಾಯಿ.

ತರಿಸಿದ್ದ ಆರ್‌ಎನ್‌ಎ ಶೀಸೆಯ ತಳದಲ್ಲಿ ಕಂಡೂ ಕಾಣದಷ್ಟು. ಮತ್ತೆ ತರಿಸಲು ತಿಂಗಳುಗಟ್ಟಲೆ ಕಾಯಬೇಕು. ಹಾಗಾಗಿ ಶರಣವ್ವ ಇಲ್ಲಿ ಒಂದು ಉಳಿತಾಯ ಮಾಡಿದರು. ಪ್ರಯೋಗದ ತಟ್ಟೆಯಲ್ಲಿ ದ್ರವ ಹಾಕಲು ಸಾಲುಸಾಲು ಸಣ್ಣ ಗುಳಿಗಳಿರುತ್ತವೆ. ಪ್ರತಿ ಸಲ ಕಿಣ್ವ ಹಾಕಿದ ಗುಳಿಗಳ ಜತೆಗೆ ಕಿಣ್ವ ಹಾಕದ ಜೋಡಿ ಗುಳಿಗಳನ್ನೂ ಇಡಬೇಕು. ಎರಡರ ಅಂತರವೇ ನಿಜವಾದ ಹೊಳಪು. ರಜೆಯಲ್ಲಿ ಅಂಥ ಗುಳಿಗಳು ಒಂದು ಸಲವೂ ಹೊಳೆದಿರಲಿಲ್ಲ. ಹೊಳೆಯದ್ದಕ್ಕೆ ಆರ್‌ಎನ್‌ಎ ಯಾಕೆ ಸುರಿಯುವುದು? ಆ ಹಳೆಯ ಅಳತೆಯನ್ನೇ ಈಗಲೂ ಹಿಡಿದರು. ನಾಳೆಯ ಒಗ್ಗರಣೆಗೆ ಇಂದಿನ ಎಣ್ಣೆ ಉಳಿಸುವ ಮನೆಗಳಲ್ಲಿ ಬೆಳೆದವರಿಗೆ ಇದು ತಪ್ಪೆಂದು ತೋರುವುದು ಕಷ್ಟ.

ಆರ್‌ಎನ್‌ಎ ಹೊಳೆಯಿತು. ಡಿಎನ್‌ಎಗಿಂತ ಹೆಚ್ಚಾಗಿ ಹೊಳೆಯಿತು. ವಾರದಿಂದ ವಾರಕ್ಕೆ ಇನ್ನೂ ಹೆಚ್ಚಿತು. ತಮ್ಮ ಕೈ ಪಳಗುತ್ತಿದೆ ಎಂದು ಶರಣವ್ವ ತಿಳಿದರು. ಹುಚ್ಚಪ್ಪ ಫೋನಿನಲ್ಲಿ, “ಭೇಷ್! ಇನ್ನೇನ್ರಿ, ಮುಂದಿನ ವಾರ ಸಮಿತಿ ಮುಂದ ಮಾತಾಡಿಬಿಡ್ರಿ” ಎಂದು ದಿನ ಗೊತ್ತು ಮಾಡಿದರು. ಪ್ರಬಂಧದ ಹೆಸರಿನಲ್ಲಿ ‘ಡಿಎನ್‌ಎ’ ಎಂಬುದರ ಮುಂದೆ ‘ಮತ್ತು ಆರ್‌ಎನ್‌ಎ’ ಎಂದು ಸೇರಿತು. ಅಮರಗೋಳದ ಮಾರುಕಟ್ಟೆ ಯಾರ್ಡಿನಲ್ಲಿ ಕಾಳಿನ ದಲಾಲಿ ಅಂಗಡಿ ನಡೆಸುವ ಗಂಡ ಶಂಭುಲಿಂಗ ಅಂದು ಮಿಶ್ರಾ ಪೇಢೆ ತಂದರು. ಅವರಿಗೆ ಆರ್‌ಎನ್‌ಎ ಏನೆಂದು ತಿಳಿಯದು, ಹೆಂಡತಿಯ ಮುಖ ತಿಳಿಯುತ್ತಿತ್ತು.

ಮಾತಿಗೆ ಕೆಲವೇ ದಿನ ಉಳಿದಾಗ ಶರಣವ್ವ ಕೊನೆಯದೊಂದು ಸಲ ಪ್ರಯೋಗ ಮಾಡಲು ಕುಳಿತರು. ಅಬೀದಾ ಮೂಗೊರೆಸಿಕೊಳ್ಳುತ್ತಿದ್ದಳು.

“ಯಾಕ, ನೆಗಡಿ ಏನು?”

“ಅಲ್ರಿ ಮೇಡಂ. ಈ ಕ್ವಾಣ್ಯಾಗ ಬಂದ್ರ ಕಣ್ಣ ಉರೀತಾವ್ರಿ. ಉಳ್ಳಾಗಡ್ಡಿ ಹೆಚ್ಚಿದಂಗ. ಹೊರಗ ಹೋದ್ರ ಏನೂ ಇಲ್ರಿ.”

“ನನಗ ಇಲ್ಲಲ್ಲ.”

“ನಿಮಗ ರೂಢಿ ಆಗೇತ್ರಿ. ಅಂಬರೀಷ ಸರ್ ಕಪ್ಪಿಗೆ ನೀರ ಹಾಕಾಕತ್ತಾಗಿಂದ ಹಿಂಗs.”

ಶರಣವ್ವನವರ ಕೈ ನಿಂತಿತು. ಕಾಲೇಜಿಗೆ ತಪಾಸಣಾ ತಂಡ ಬರುವುದಿತ್ತು. ಪ್ರತಿ ಸಲ ತಂಡ ಬರುವ ಮುಂಚೆ ಅಂಬರೀಷ ಬರಣಿಗಳ ಮಬ್ಬುಗಟ್ಟಿದ ದ್ರವ ಚೆಲ್ಲಿ, ಹೊಸದು ತುಂಬಿ, ಗಾಜು ಒರೆಸಿ, ಹೆಸರಿನ ಚೀಟಿ ಅಂಟಿಸುವುದು ವಾಡಿಕೆ. ಈ ಸಲ ರಜೆ ಮುಗಿದಾಗಿನಿಂದ, ಪಾಠ ಇಲ್ಲದಾಗೆಲ್ಲ ಅದೇ ಕೆಲಸ ನಡೆದಿತ್ತು. ಬರಣಿಗಳ ದ್ರವ ಫಾರ್ಮಾಲಿನ್. ನೀರಿನಲ್ಲಿ ಕರಗಿದ ಫಾರ್ಮಾಲ್ಡಿಹೈಡ್.

ಇದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಪ್ರತಿ ವರ್ಷ ಮಕ್ಕಳಿಗೆ ಅದನ್ನು ಕಲಿಸುವವರೇ ಅವರು. ಆದರೆ ಆಚೆಯ ಕಪ್ಪೆಗಳ ವಾಸನೆ ಮೊದಲ ವಾರವೇ ಅವರ ಮೂಗಿನಿಂದ ಇಳಿದುಹೋಗಿತ್ತು, ಮನೆಯ ಗಡಿಯಾರದ ಟಿಕ್‌ಟಿಕ್ ಕಿವಿಯಿಂದ ಇಳಿದುಹೋಗುವಂತೆ.

ಅವರು ಒಂದು ತಟ್ಟೆಯ ಗುಳಿಗಳಿಗೆ ಬರೀ ನೀರು ಹಾಕಿದರು. ಕಿಣ್ವ ಇಲ್ಲ, ಆರ್‌ಎನ್‌ಎ ಇಲ್ಲ, ಕಬ್ಬಿಣ ಇಲ್ಲ. ಅದನ್ನು ಮೇಜಿನ ಮೇಲೆ ತೆರೆದಿಟ್ಟರು. ಅಂಥದೇ ಇನ್ನೊಂದು ತಟ್ಟೆಯನ್ನು ಅಬೀದಾಳ ಕೈಯಲ್ಲಿ ಕಟ್ಟಡದ ಮಾಳಿಗೆಯ ಮೇಲೆ, ಬಯಲು ಗಾಳಿಯಲ್ಲಿ ಇಡಿಸಿದರು. ಮಧ್ಯಾಹ್ನದ ಪಾಠ ಮುಗಿಸಿ ಬಂದು ಎರಡಕ್ಕೂ ಆ ಎರಡು ದ್ರವ ಬೆರೆಸಿ, ಕಾದು, ಬೆಳಕು ಹಾಯಿಸಿದರು.

ಮಾಳಿಗೆಯ ನೀರು ನೀರಾಗಿಯೇ ಇತ್ತು. ಮೇಜಿನ ಮೇಲಿನ ನೀರು ನೀಲಿಯಾಗಿ ಹೊಳೆಯಿತು.

ಅಬೀದಾ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಶರಣವ್ವ ಎದ್ದು ಒಂದೊಂದಾಗಿ ಕಿಟಕಿ ತೆರೆದರು. ಧೂಳು ಬರಬಾರದೆಂದು ಅವರೇ ಮುಚ್ಚಿಸಿದ್ದ ಕಿಟಕಿಗಳು. ಆರ್‌ಎನ್‌ಎಯನ್ನು ಅಷ್ಟು ಜೋಪಾನ ಮಾಡಿರದಿದ್ದರೆ ಪ್ಲೈವುಡ್ ಮೇಲಿನಿಂದ ಬಂದ ಫಾರ್ಮಾಲಿನ್ ಹಬೆ ಹಾಗೇ ಹೊರಗೆ ಹೋಗಿಬಿಡುತ್ತಿತ್ತು.

ಸುದ್ದಿ ಕೇಳಿ ಅಂಬರೀಷ ಪ್ಲೈವುಡ್ ಸುತ್ತಿ ಬಂದರು. ಅವರ ಮುಖ ಸಣ್ಣದಾಗಿತ್ತು.

“ಅಕ್ಕಾರ, ನನ್ನ ಕಪ್ಪಿ ನಿಮಗ ಕೇಡ ಮಾಡಿದ್ವೇನ್ರಿ?”

“ಕಪ್ಪಿ ಪಾಪ ಏನ ಮಾಡ್ಯಾವ್ರಿ. ಜ್ವಾಡಿ ಗುಳಿ ಇಟ್ಟಿದ್ರ ಮೊದಲನೇ ದಿನಾನs ಗೊತ್ತಾಗ್ತಿತ್ತು. ನಾನs ಉಳಸಾಕ ಹೋದೆ.”

“ಅಲ್ರೀ, ಡಿಎನ್‌ಎ ಅಂತೂ ಖರೆ ಐತಿ. ಅದನ್ನ ಮಾಡೂ ಕಿಣ್ವ ಇದನ್ನೂ ಮಾಡ್ತಿರಬೇಕು. ಇಷ್ಟ ವರ್ಷದ ಮ್ಯಾಲ ಯಾರ ಬಂದು ನಮ್ಮ ಕ್ವಾಣಿ ಮೂಸಿ ನೋಡ್ತಾರ?”

“ಯಾರೂ ನೋಡೂದಿಲ್ರಿ ಸರ. ನಾ ಬರದದ್ದನ್ನ ಓದತಾರ. ಓದಿ ಎಲ್ಲೋ ಒಬ್ಬಾಕಿ ಇದರ ಮ್ಯಾಲ ತನ್ನ ಕೆಲಸ ಕಟ್ಟತಾಳ. ಆಕಿ ಎಷ್ಟ ಮಾಡಿದ್ರೂ ಹೊಳ್ಯಾಂಗಿಲ್ಲ. ಯಾಕಂದ್ರ ಆಕಿ ಊರಾಗ ನಿಮ್ಮ ಕಪ್ಪಿ ಇರೂದಿಲ್ಲ.”

ಅಂಬರೀಷ ನಗಬೇಕೋ ಬೇಡವೋ ತಿಳಿಯದೆ ನಿಂತರು. ಆಮೇಲೆ ಹೋಗಿ, ಫಾರ್ಮಾಲಿನ್ ಡಬ್ಬಗಳನ್ನು ಒಂದೊಂದಾಗಿ ಎತ್ತಿ ಹೊರಗಿನ ಪಡಸಾಲೆಗೆ ಸಾಗಿಸತೊಡಗಿದರು.

ಶರಣವ್ವ ಹುಚ್ಚಪ್ಪನವರಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದರು. “ದಿನಾ ಗೊತ್ತಾಗೇತ್ರೆವಾ” ಎಂದರು ಹುಚ್ಚಪ್ಪ. “ಇದನ್ನ ತಗದ್ರ ಸಮಿತಿಯವ್ರು ಏನಂತಾರೋ ನಾ ಹೇಳಾಕ ಬರೂದಿಲ್ಲ. ಅವಧಿ ಮುಗದ್ರ ನನ್ನ ಕೈಯಾಗೂ ಏನಿಲ್ಲ.”

“ಗೊತ್ತೈತ್ರಿ ಸರ. ಶೀಸೆದಾಗ ಇನ್ನೊಂದ ಸಲಕ್ಕ ಆಗೂವಷ್ಟು ಉಳದೈತಿ. ನಿಮ್ಮ ಲ್ಯಾಬಿನ್ಯಾಗ ಮಾಡ್ತೇನ್ರಿ. ಎಲ್ಲಾ ಜ್ವಾಡಿ ಗುಳಿ ಇಟ್ಟs ಮಾಡ್ತೇನಿ.”

“ಹೊಳೀಲಿಲ್ಲಾಂದ್ರ?”

“ಹೊಳೀಲಿಲ್ಲಾಂತ ಬರೀತೇನ್ರಿ.”

ಅಂದು ಮನೆಯಲ್ಲಿ ಅವರು ಊಟಕ್ಕೆ ಬಡಿಸಿದರು, ತಾವೂ ಉಂಡರು. ಶಂಭುಲಿಂಗ ಒಂದು ಸಲ ಮಾತ್ರ ಕೇಳಿದರು: “ಹೋತೇನು?” ಶರಣವ್ವ, “ಇನ್ನೂ ಗೊತ್ತಿಲ್ರಿ” ಎಂದರು. ಅಷ್ಟು ಹೇಳುವಾಗಲೂ, ಹೊಳೆಯಬಹುದು ಎಂಬ ಆಸೆ ತಮ್ಮಲ್ಲಿ ಇನ್ನೂ ಇದೆಯೆಂದು ಅವರಿಗೆ ತಿಳಿಯಿತು. ಅದನ್ನು ಅವರು ನೂಕಲೂ ಇಲ್ಲ, ಸಾಕಲೂ ಇಲ್ಲ.

ಶನಿವಾರ ಧಾರವಾಡದಲ್ಲಿ ಮಳೆ ಬಂದು ನಿಂತಿತ್ತು. ಹುಚ್ಚಪ್ಪನವರ ಪ್ರಯೋಗಾಲಯದ ಕಿಟಕಿಯಾಚೆ ಬೇವಿನ ಮರ ತೊಳೆದಿಟ್ಟಂತೆ ಕಾಣುತ್ತಿತ್ತು. ಶರಣವ್ವ ಗುಳಿಗಳನ್ನು ಸಾಲಾಗಿ ತುಂಬಿದರು. ಒಂದು ಸಾಲಿಗೆ ಬರೀ ನೀರು. ಒಂದು ಸಾಲಿಗೆ ಕುದಿಸಿ ಕೊಂದ ಕಿಣ್ವ. ಒಂದರಲ್ಲಿ ಎಲ್ಲವೂ ಇದ್ದು ಕಬ್ಬಿಣ ಮಾತ್ರ ಇಲ್ಲ. ಒಂದಕ್ಕೆ ಡಿಎನ್‌ಎ. ಕೊನೆಯ ಸಾಲಿಗೆ ಆರ್‌ಎನ್‌ಎ. ಶೀಸೆಯನ್ನು ಓರೆ ಮಾಡಿ, ತಳದಲ್ಲಿದ್ದುದನ್ನೆಲ್ಲ ಹೀರಿ ಹಾಕಿದರು. ಆಮೇಲೆಯೇ ಹಸಿರು ಹರಳನ್ನು ನೀರಿಗೆ ಹಾಕಿ ಕರಗಿಸಿದರು. ಜತೆಗೆ ಬಂದಿದ್ದ ಅಬೀದಾ ಉಗುರು ಕಚ್ಚುತ್ತ ನೋಡುತ್ತಿದ್ದಳು.

ಬೆಳಕು ಹಾಯಿಸಿದಾಗ ಬರೀ ನೀರಿನ ಸಾಲು ಕತ್ತಲಾಗಿತ್ತು. ಸತ್ತ ಕಿಣ್ವವೂ ಕಬ್ಬಿಣವಿಲ್ಲದ ಸಾಲೂ ಕತ್ತಲು. ಡಿಎನ್‌ಎಯ ಸಾಲು ಮೊದಲಿನಂತೆಯೇ ನೀಲಿಯಾಗಿ, ಸಮಾಧಾನವಾಗಿ ಹೊಳೆಯಿತು.

ಆರ್‌ಎನ್‌ಎಯ ಸಾಲು ನೀರಿನ ಹಾಗೆಯೇ ಕತ್ತಲಾಗಿತ್ತು.

“ಇನ್ನೊಮ್ಮೆ ಅಳೀರಿ ಮೇಡಂ” ಎಂದಳು ಅಬೀದಾ.

ಅಳೆದರು. ಅದೇ ಬಂತು.

“ಅಡ್ಡಿಯಿಲ್ಲ” ಎಂದರು ಶರಣವ್ವ. ಕೈಗವಸು ಬಿಚ್ಚುವಾಗ ಒಂದು ಬೆರಳು ಅಂಟಿಕೊಂಡು ಬರಲಿಲ್ಲ. ಅದನ್ನು ಬಿಡಿಸಿಕೊಳ್ಳುವ ನೆಪದಲ್ಲಿ ಅವರು ಬಹಳ ಹೊತ್ತು ತಲೆ ಬಗ್ಗಿಸಿ ನಿಂತರು.

ಸಮಿತಿಯ ಮುಂದೆ ಅವರು ತಿಳಿಹಳದಿ ಇಲಕಲ್ ಸೀರೆಯುಟ್ಟು ನಿಂತರು. ಮೊದಲ ಅಧ್ಯಾಯಗಳನ್ನು ಬೇಗ ಮುಗಿಸಿದರು. ಆರ್‌ಎನ್‌ಎ ಬಂದಾಗ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿ ತೋರಿಸಿದರು. ಒಂದು ಹುಬ್ಬಳ್ಳಿಯ ಕೋಣೆಯದು, ತುಂಬ ಹೊಳೆಯುವಂಥದು. ಇನ್ನೊಂದು ಧಾರವಾಡದ್ದು. ಮೊದಲನೆಯದು ಯಾಕೆ ಸುಳ್ಳು, ಎಲ್ಲಿ ತಾವು ಜೋಡಿ ಗುಳಿ ಬಿಟ್ಟದ್ದು, ಹಬೆ ಎಲ್ಲಿಂದ ಬಂತು, ಅದನ್ನು ಹಿಡಿಯುವುದು ಹೇಗೆ, ಎಲ್ಲವನ್ನೂ ಪಾಠ ಹೇಳುವ ದನಿಯಲ್ಲೇ ಹೇಳಿದರು. ಕಪ್ಪೆ ಎಂದಾಗ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅವರೂ ಸ್ವಲ್ಪ ನಕ್ಕರು.

ಸಮಿತಿಯ ಹಿರಿಯರೊಬ್ಬರು ಕನ್ನಡಕ ತೆಗೆದು ಕೇಳಿದರು, “ಹಂಗಾದ್ರ ಈ ಕಿಣ್ವ ಆರ್‌ಎನ್‌ಎಗೆ ಏನ ಮಾಡ್ತದವಾ?”

“ನಾ ನೋಡಿದ ಮಟ್ಟಿಗೆ ಏನೂ ಮಾಡೂದಿಲ್ರಿ.”

“ನಿಮ್ಮ ಪ್ರಬಂಧದ ಹೆಸರಿನ್ಯಾಗ ಆರ್‌ಎನ್‌ಎನೂ ಅದ, ಅಲ್ಲೇನು?”

“ತಗೀರಿ ಸರ.”

ಅವರನ್ನು ಹೊರಗೆ ಕೂರಿಸಿ ಬಾಗಿಲು ಮುಚ್ಚಿದರು. ಒಳಗೆ ದನಿಗಳು ಏರಿದವು, ಇಳಿದವು. ಹುಚ್ಚಪ್ಪನವರ ದನಿ ಒಂದೆರಡು ಸಲ ಮೇಲೆ ಕೇಳಿತು. ಶರಣವ್ವ ಬೆಂಚಿನ ಮೇಲೆ ಅಬೀದಾಳ ಪಕ್ಕ ನೇರವಾಗಿ ಕೂತಿದ್ದರು. ಈಗ ಬಾಗಿಲ ಹಿಂದೆ ಏನು ನಡೆದರೂ ತಾವು ಹೇಳಿದ್ದು ಬದಲಾಗುವುದಿಲ್ಲ ಎಂಬುದು ಅವರಿಗೆ ಒಂದು ಬಗೆಯ ಬಲ ಕೊಟ್ಟಿತ್ತು.

ಬಾಗಿಲು ತೆರೆದು ಹುಚ್ಚಪ್ಪ ಬಂದರು. “ಹೆಸರ ಸಣ್ಣದ ಮಾಡಿ ಕೊಡ್ರಿ” ಎಂದರು. “ಆ ಕಡೀ ಅಧ್ಯಾಯ ಇರಲಿ ಅಂದ್ರು, ನೀವು ಇವತ್ತು ಹೇಳಿದಂಗs. ಒಬ್ಬರು ಒಪ್ಪಲಿಲ್ಲ, ಭಾಳ ಸಪ್ಪಗ ಆತಂದ್ರು. ಉಳದವ್ರು ಸಹಿ ಹಾಕ್ಯಾರ.” ಆಮೇಲೆ ಕೈ ಜೋಡಿಸಿ ಒಳಗೆ ಹೋದರು. ಗುರು ಶಿಷ್ಯೆಗೆ ಕೈ ಮುಗಿದದ್ದನ್ನು ಅಬೀದಾ ಮಾತ್ರ ನೋಡಿದಳು.

ಶರಣವ್ವ ಮನೆಗೆ ಫೋನು ಮಾಡಿದರು. “ರೀ, ಆತ್ರಿ.”

“ಪಾಸೇನು?”

“ಹೂಂ. ಆದ್ರ ಸಣ್ಣದಾತು.”

“ಯಾವುದು?”

“ಹೆಸರು.”

“ಹೆಸರ ಸಣ್ಣದಾದ್ರ ಆತ ಬಿಡು, ಕರಿಯಾಕ ಸಲೀಸು” ಎಂದರು ಶಂಭುಲಿಂಗ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಅಬೀದಾ ಮುಖ ಊದಿಸಿಕೊಂಡಿದ್ದಳು. ಒಪ್ಪದ ಆ ಒಬ್ಬರನ್ನು ಅವಳು ಇನ್ನೂ ಬಿಟ್ಟಿರಲಿಲ್ಲ. “ಸಪ್ಪಗ ಅಂತ! ಉಪ್ಪ ಹಾಕಿ ಕೊಡಬೇಕಿತ್ತೇನ್ರಿ ಅವ್ರಿಗೆ?”

ಶರಣವ್ವ ಹೊರಗೆ ನೋಡುತ್ತಿದ್ದರು. ನವನಗರ ದಾಟುವಾಗ ಥಟ್ಟನೆ ಅವಳ ಕಡೆ ತಿರುಗಿದರು.

“ನಾವು ಹಾಕಿದ್ದು ಆರ್‌ಎನ್‌ಎದ ಗಿಡ್ಡ ತುಣಕು, ಹೌದಲ್ಲ? ಕಿಣ್ವಕ್ಕ ಹಿಡಿಯಾಕ ಜಾಗಾನs ಸಿಕ್ಕಿರಲಿಕ್ಕಿಲ್ಲ. ಉದ್ದಂದು ಹಾಕಿದ್ರ? ನಡಕ ಗಂಟ ಹಾಕಿದಂಗ ಮಡಚಿಕೊಂಡ ಇರ್ತಾವಲ್ಲ, ಅಂಥಾದ್ದು?”

“ಯಾ ಅಲ್ಲಾ!” ಎಂದಳು ಅಬೀದಾ. “ಮೇಡಂ, ಈಗರ ಬಾಗಲಾ ದಾಟಿ ಬಂದೀವ್ರಿ.”

“ಅದಕ್ಕs ಹೇಳಾಕತ್ತೇನಿ. ಈಗ ಯಾವ ಗಡುವೂ ಇಲ್ಲಲ್ಲ. ನೀ ಹೇಳು, ಮಡಚಿದ್ದರೊಳಗ ಕಸಾ ಎಲ್ಲಿ ಅಂಟತೈತಿ, ಒಳಗೋ ಹೊರಗೋ?”

ಅಬೀದಾ ಊದಿಸಿದ ಮುಖ ಇಳಿಸಿ ಯೋಚಿಸತೊಡಗಿದಳು. “ಹೊರಗ ಇರಬೇಕ್ರಿ” ಎಂದಳು ಸ್ವಲ್ಪ ಹೊತ್ತಿಗೆ. “ಇಲ್ಲ ಇಲ್ಲ, ತಡೀರಿ.” ಇಬ್ಬರೂ ಬಸ್ಸಿನ ಸದ್ದಿನ ಮೇಲೆ ದನಿಯೇರಿಸಿ ವಾದಿಸುತ್ತ, ಇಳಿಯಬೇಕಾದ ನಿಲ್ದಾಣವನ್ನು ದಾಟಿ ಹೋದರು.